ಬಿಲ್ಲಿನಲ್ಲಿ ನನ್ನ ನಂಬರು

ಮೊದಲ ಮೆಸೇಜು ಬಂದಾಗ ನಾನು ಮಾದಾಪುರದ ಕ್ಲಿನಿಕ್ಕಿನ ಔಷಧ ಕೌಂಟರಿನ ಹಿಂದೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಮೊದಲಿಗೆ ಒಬ್ಬ ಹೆಣ್ಣುಮಗಳ ಹೆಸರು, ಪಕ್ಕದಲ್ಲಿ ವಯಸ್ಸು ಇಪ್ಪತ್ತೇಳು, ಆಮೇಲೆ ‘ನಿಮ್ಮ ಲೆವೆಟಿರಾಸೆಟಮ್ 500 ಮಾತ್ರೆಗಳು ಇನ್ನು ಐದು ದಿನಕ್ಕೆ ಮುಗಿಯಲಿವೆ, ಇಂದೇ ಖರೀದಿಸಿ’ ಎಂಬ ಸಲಹೆ. ಕೆಳಗೊಂದು ಲಿಂಕು. ಕಳಿಸಿದ್ದು ಹೈದರಾಬಾದಿನಲ್ಲಿ ಗಲ್ಲಿಗೊಂದು ಅಂಗಡಿ ತೆರೆದಿರುವ ಒಂದು ಔಷಧ ಕಂಪನಿ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಣ್ಣುಮಗಳ ಹೆಸರನ್ನಂತೂ ಬರೆಯುವ ಮಾತೇ ಇಲ್ಲ. ಅವಳ ವಿಷಯ ಇಲ್ಲಿಯವರೆಗೆ ಹೊರಗೆ ಬಿದ್ದಿದ್ದೇ ಸಾಕಾಗಿದೆ.

ಬೇರೆ ಯಾರಿಗಾದರೂ ಅದು ನಾಲಿಗೆ ತಿರುಗದ ಒಂದು ಹೆಸರು, ಅಷ್ಟೆ. ನಾನು ಫಾರ್ಮಸಿಸ್ಟು. ಕೋಠಿಯಲ್ಲಿ ಹನ್ನೊಂದು ವರ್ಷ, ಇಲ್ಲಿ ಎರಡು ವರ್ಷ, ದಿನವಿಡೀ ಚೀಟಿ ಓದಿಯೇ ಬದುಕಿದವಳು. ಬಸ್ಸಿನಲ್ಲಿ ಪಕ್ಕದವರ ಕೈಯಲ್ಲಿ ಚೀಟಿ ಕಂಡರೂ ನನ್ನ ಕಣ್ಣು ಅತ್ತಲೇ ಹೋಗುತ್ತದೆ. ಅದು ಫಿಟ್ಸ್ ಬರುವವರು ತೆಗೆದುಕೊಳ್ಳುವ ಮಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು, ಒಂದು ಹೊತ್ತೂ ತಪ್ಪಿಸಬಾರದು. ಯಾರೋ ನಂಬರು ಹೇಳುವಾಗ ಒಂದಂಕಿ ತಪ್ಪಿದ್ದಾರೆ ಎಂದುಕೊಂಡು ಮೆಸೇಜು ಅಳಿಸಿದೆ, ರೊಟ್ಟಿ ತಿಂದೆ.

ಕೋಠಿಯಲ್ಲಿ ನಾನು ಕೆಲಸಕ್ಕಿದ್ದ ಹಳೆಯ ಔಷಧದಂಗಡಿಯನ್ನು ಎರಡು ವರ್ಷದ ಹಿಂದೆ ಕೊಂಡದ್ದೂ ಇದೇ ಕಂಪನಿ. ಅದು ನನಗೆ ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಅದಕ್ಕೂ ಇದಕ್ಕೂ ಏನೋ ಸಂಬಂಧ ಇರಬಹುದು ಎಂದು ಮಾತ್ರ ಅನ್ನಿಸಲಿಲ್ಲ.

ಮುಂದಿನ ತಿಂಗಳು ಎರಡು ಮೆಸೇಜು ಬಂದವು. ಮೊದಲು ನೆನಪೋಲೆ, ಐದು ದಿನ ಬಿಟ್ಟು ‘ಖರೀದಿಗೆ ಧನ್ಯವಾದ’. ಎರಡರಲ್ಲೂ ಅದೇ ಹೆಸರು, ಅದೇ ಮಾತ್ರೆ. ಬೇಡ ಎಂದು ಉತ್ತರ ಬರೆದೆ. ಈ ಸಂಖ್ಯೆಗೆ ಉತ್ತರ ಕಳಿಸಲಾಗದು ಎಂದಿತು ಫೋನು. ಮಣಿಕೊಂಡದ ಮನೆಯಲ್ಲಿ ಸಂಜೆ ಚಹಾ ಕುಡಿಯುತ್ತ ನಮ್ಮವರಿಗೆ ತೋರಿಸಿದೆ. ಅವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರರು, ಯಾವುದಕ್ಕೂ ಗಾಬರಿಯಾಗುವ ಜನವಲ್ಲ.

“ಬ್ಲಾಕ್ ಮಾಡಿ ಒಗಿ. ಇದಕ್ಯಾಕ ತಲಿ ಕೆಡಿಸ್ಕೊಂತಿ?” ಎಂದರು.

“ನಾ ಬ್ಲಾಕ್ ಮಾಡಿದ್ರ ನನಗ ಕಾಣೂದಿಲ್ಲ, ಅಷ್ಟ. ಅವರು ಕಳಸೂದು ನಿಲ್ಲತೈತೇನ್ರಿ? ನಾಳೆ ನನ್ನ ನಂಬರ್ ಬ್ಯಾರೆಯವರಿಗೆ ಹೋತಂದ್ರ ಅವರು ನೋಡ್ತಾರ. ಯಾರೋ ಒಬ್ಬಾಕಿ ಜಡ್ಡು ಇದು.”

“ಹಂಗಾದ್ರ ಫೋನ್ ಮಾಡಿ ಬೈ.”

ಬೈಯಲು ಮನುಷ್ಯರು ಸಿಗಬೇಕಲ್ಲ. ಸಹಾಯವಾಣಿಯಲ್ಲಿ ಭಾಷೆಗೆ ಒಂದು ಗುಂಡಿ, ಔಷಧ ಬೇಕಾದರೆ ಒಂದು, ಬಂದ ಔಷಧ ಹಿಂದಿರುಗಿಸಲು ಒಂದು. ಬೇರೆಯವರ ಗುಟ್ಟು ನನಗೆ ಬರುತ್ತಿದೆ ಎನ್ನುವುದಕ್ಕೆ ಗುಂಡಿ ಇರಲಿಲ್ಲ. ಔಷಧ ಬೇಕು ಎನ್ನುವ ಗುಂಡಿ ಒತ್ತಿದೆ, ಕೂಡಲೇ ಒಬ್ಬ ಹುಡುಗಿ ಮಾತಿಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಆ ಹೆಣ್ಣುಮಗಳ ಹೆಸರು ಹಿಡಿದು ನನಗೆ ನಮಸ್ಕಾರ ಹೇಳಿದಳು. ನಾನು ಅವಳಲ್ಲ ಎಂದೆ. ಹಾಗಾದರೆ ಆ ಗ್ರಾಹಕಿಯ ಖಾತೆಯ ಬಗ್ಗೆ ನಿಮ್ಮ ಜೊತೆ ಮಾತಾಡುವಂತಿಲ್ಲ, ‘ಪ್ರೈವಸಿ ಕಾ ಮಾಮ್ಲಾ ಹೈ ಮೇಡಂ’ ಎಂದಳು. ಅವರ ಖಾಸಗಿ ವಿಷಯವಂತೆ. ಅದನ್ನು ತಿಂಗಳು ತಿಂಗಳೂ ನನಗೆ ಓದಿಸುವವರು ನೀವೇ ಅಲ್ಲವೇನಮ್ಮಾ ಎಂದು ನನ್ನ ಕೋಠಿ ಹಿಂದಿಯಲ್ಲಿ ಕೇಳಿದೆ. ಪಾಪ, ಅವಳ ಮುಂದಿನ ಪರದೆಯಲ್ಲಿ ಅದಕ್ಕೆ ಉತ್ತರ ಬರೆದಿರಲಿಲ್ಲ. ದೂರಿನ ನಂಬರೊಂದನ್ನು ಕೊಟ್ಟಳು. ಮೂರು ದಿನಕ್ಕೆ ‘ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ಅಂಕ ಕೊಡಿ’ ಎಂದು ಬಂತು. ಆ ಮೆಸೇಜಿನಲ್ಲೂ ಅವಳದೇ ಹೆಸರಿತ್ತು.

ಮೂರನೇ ತಿಂಗಳು ಎಂದಿನಂತೆ ನೆನಪೋಲೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಮತ್ತೆ ಎರಡು ಸಲ ಫೋನು, ಮತ್ತೆ ಎರಡು ದೂರಿನ ನಂಬರು, ಮತ್ತೆ ಬಗೆಹರಿದಿದೆ.

“ನಮ್ಮ ಫ್ಯಾಕ್ಟರಿ ಒಳಗ ದೂರು ಕೊಟ್ರ ಕಡೀಕ ಒಂದು ಫೈಲರ ಹುಟ್ಟತೈತಿ. ಇವರದು ಅದೂ ಇಲ್ಲ ನೋಡು” ಎಂದು ನಮ್ಮವರು ನಕ್ಕರು. ಆಮೇಲೆ ತಾವೇ ಕನ್ನಡಕ ಹಾಕಿಕೊಂಡು ಕೂತರು. “ಹಿಂಗಲ್ಲ. ಸರಕಾರಿ ಭಾಷಾದಾಗ ಬರಿ. ಕಾಯದೆ ಹೆಸರು ಕಂಡ್ರ ಹೆದರ್ತಾರ.”

ಇಬ್ಬರೂ ಸೇರಿ ಕಂಪನಿಯ ದೂರು ಅಧಿಕಾರಿಗೆ ಇಮೇಲು ಬರೆದೆವು. ಮೆಸೇಜುಗಳ ಚಿತ್ರ ಅಂಟಿಸಿದೆವು, ಡೇಟಾ ಸಂರಕ್ಷಣೆ ಕಾಯ್ದೆಯ ಮಾತು ತಂದೆವು, ನಿಗದಿತ ಅವಧಿಯಲ್ಲಿ ಆ ಗ್ರಾಹಕಿಯ ದಾಖಲೆ ಸರಿಪಡಿಸದಿದ್ದರೆ ಮುಂದಿನ ಕ್ರಮ ಎಂದು ಬೆದರಿಸಿದೆವು. ‘ಸರಿಪಡಿಸಿ’ ಎನ್ನುವ ಆ ಪದ ನನ್ನದೇ. ಕಳಿಸಿ ಆದ ಮೇಲೆ ನನಗೆ ಬಹಳ ಹೆಮ್ಮೆಯಾಯಿತು. ನಾಲ್ಕು ತಿಂಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಫಲ ಕೊಟ್ಟದ್ದು ಅದೊಂದೇ. ಮೂರು ವಾರ ಉತ್ತರವಿರಲಿಲ್ಲ. ಆಮೇಲೆ ಒಂದು ಶುಕ್ರವಾರ ನಿಜವಾದ ಮನುಷ್ಯರು ಬರೆದ ಉತ್ತರ ಬಂತು. ಕ್ಷಮೆ ಕೋರಿದ್ದರು. ಏಳು ಕೆಲಸದ ದಿನಗಳಲ್ಲಿ ಗ್ರಾಹಕಿಯ ಸರಿಯಾದ ನಂಬರನ್ನು ಪತ್ತೆ ಮಾಡಿ ದಾಖಲೆ ತಿದ್ದುತ್ತೇವೆ ಎಂದಿದ್ದರು.

ಮರುದಿನ, ಶನಿವಾರ, ನಾಲ್ಕನೇ ತಿಂಗಳ ನೆನಪೋಲೆ ಬಂತು. ಈ ಸಲ ಎರಡು ಔಷಧಗಳಿದ್ದವು. ಲೆವೆಟಿರಾಸೆಟಮ್ ಜೊತೆಗೆ ಫೋಲಿಕ್ ಆಸಿಡ್, ಐದು ಮಿಲಿಗ್ರಾಂ.

ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಹೆಂಗಸು ಮಗು ಬೇಕೆಂದು ಡಾಕ್ಟರ ಹತ್ತಿರ ಹೇಳಿದಾಗ ಅವರು ಮೊದಲೇ ಶುರು ಮಾಡಿಸುವ ಮಾತ್ರೆ ಅದು. ಇಪ್ಪತ್ತೇಳರ ಒಬ್ಬ ಅಪರಿಚಿತೆ ತಾಯಾಗಲು ತಯಾರಾಗುತ್ತಿದ್ದಾಳೆ, ಅದು ಅವಳ ಓಣಿಯವರಿಗೂ ಗೊತ್ತಿಲ್ಲದಿರುವಾಗ ಮಾದಾಪುರದಲ್ಲಿ ಕೂತ ನನಗೆ ಗೊತ್ತು. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಅದುವರೆಗೆ ಮುಟ್ಟದಿದ್ದ ಲಿಂಕನ್ನು ಅವತ್ತು ಮೊದಲ ಸಲ ಒತ್ತಿದೆ. ಯಾವ ಶಾಖೆ ಎಂದು ತಿಳಿದರೆ ನೇರ ಅಲ್ಲಿಗೇ ಹೋಗಿ ಹೇಳಿಬಿಡೋಣ ಎನ್ನುವುದು ನನ್ನ ಲೆಕ್ಕ. ಪಾಸ್‌ವರ್ಡ್ ಗೀಸ್‌ವರ್ಡ್ ಏನೂ ಕೇಳಲಿಲ್ಲ. ಅವಳ ಎಲ್ಲ ಖರೀದಿಯೂ ದಿನ, ಗಂಟೆ ಸಮೇತ ತೆರೆದುಕೊಂಡಿತು. ಪ್ರತಿ ಸಲವೂ ಗುರುವಾರ, ಬೆಳಿಗ್ಗೆ ಹನ್ನೊಂದರ ಆಚೀಚೆ. ಶಾಖೆ ಕೋಠಿ. ನನ್ನ ಹಳೆಯ ಅಂಗಡಿಯ ವಿಳಾಸ.

ಸೋಮವಾರ ನನಗೆ ವಾರದ ರಜೆ. ಕೋಠಿಗೆ ಹೋದೆ. ಹೊರಗೆ ಪುಸ್ತಕದ ರಾಶಿ, ಆಟೋಗಳ ಗದ್ದಲ ಎಲ್ಲವೂ ಹಾಗೇ ಇದ್ದವು. ಅಂಗಡಿಗೆ ಮಾತ್ರ ಗಾಜಿನ ಬಾಗಿಲು ಬಂದಿತ್ತು. ನಮ್ಮ ಮಾಲೀಕರು ಕೂರುತ್ತಿದ್ದ ಜಾಗದಲ್ಲಿ ತೂಕ ನೋಡುವ ಯಂತ್ರ ನಿಂತಿತ್ತು. ಮ್ಯಾನೇಜರು ತೆಲುಗಿನವರು, ಒಳ್ಳೆಯ ಮನುಷ್ಯ. ಹಿಂದೆ ಇಲ್ಲೇ ಕೆಲಸ ಮಾಡುತ್ತಿದ್ದೆ ಎಂದಾಗ ‘ರಂಡಿ ಮೇಡಂ, ಕೂರ್ಚೋಂಡಿ’, ಬನ್ನಿ ಕೂತುಕೊಳ್ಳಿ, ಎಂದು ಒಳಗೆ ಕರೆದು ಕೂರಿಸಿದರು. ನನ್ನ ನಂಬರು ಹಾಕಿ ನೋಡಿದವರು ಪರದೆಯನ್ನು ನನ್ನತ್ತ ತಿರುಗಿಸಿದರು.

ನನ್ನ ಒಂದೇ ನಂಬರಿನ ಕೆಳಗೆ ಉದ್ದದ ಪಟ್ಟಿಯಿತ್ತು. ನಲವತ್ತಕ್ಕೂ ಹೆಚ್ಚು ಹೆಸರು. ಹೆಚ್ಚಿನವರು ಅಂಗಡಿ ಕೈಬದಲಾದ ಮೇಲೆ ಇತ್ತ ಬಂದೇ ಇಲ್ಲ. ಈಗಲೂ ಬರುತ್ತಿರುವವಳು ಇವಳೊಬ್ಬಳೇ. ಮೆಸೇಜು ಕಳಿಸುವ ಪದ್ಧತಿಯನ್ನು ಕಂಪನಿ ಶುರು ಮಾಡಿದ್ದು ನಾಲ್ಕು ತಿಂಗಳ ಹಿಂದಷ್ಟೇ. ಪ್ರತಿ ಹೆಸರಿನ ಮುಂದೆಯೂ ಅದನ್ನು ಸೇರಿಸಿದವರು ಯಾರು ಎಂದು ಬರೆದಿತ್ತು. ಸೇರಿಸಿದವಳು ನಾನು.

ಇದನ್ನು ಬಿಡಿಸಿ ಹೇಳಬೇಕು. ಚೀಟಿಯ ಮೇಲೆ ಕೊಡುವ ಔಷಧಕ್ಕೆ ಬಿಲ್ಲಿನಲ್ಲಿ ರೋಗಿಯ ಹೆಸರು, ಡಾಕ್ಟರ ಹೆಸರು ಬೇಕು. ಫೋನ್ ನಂಬರು ಬೇಕೆಂದು ನಮಗೆ ಯಾವ ಇನ್ಸ್‌ಪೆಕ್ಟರೂ ಕೇಳಿದ್ದಿಲ್ಲ, ಅದು ಬೇಕಾಗಿದ್ದದ್ದು ಕಂಪ್ಯೂಟರಿಗೆ. ಹತ್ತು ಅಂಕಿ ಒತ್ತದಿದ್ದರೆ ನಮ್ಮ ಮಾಲೀಕರು ತರಿಸಿದ ಸಾಫ್ಟ್‌ವೇರು ಬಿಲ್ಲು ಕೊಡುತ್ತಿರಲಿಲ್ಲ. ಕೋಠಿಗೆ ಬರುವವರಲ್ಲಿ ಫೋನಿಲ್ಲದ ಮುದುಕಿಯರು, ಮಗನ ನಂಬರು ನೆನಪಿರದ ಅಜ್ಜಂದಿರು, ನಂಬರು ಕೊಡಲು ಮನಸ್ಸಿಲ್ಲದವರು ಎಲ್ಲ ಇರುತ್ತಿದ್ದರು. ಹಿಂದೆ ಹತ್ತು ಜನ ಕಾಯುತ್ತಿರುವಾಗ ಯಾರು ವಾದ ಮಾಡುತ್ತಾರೆ? ನನ್ನದೇ ನಂಬರು ಒತ್ತಿ ಕಳಿಸುತ್ತಿದ್ದೆ. ವಿಜಯಪುರ ಕಡೆಯ ನಮ್ಮ ಮಾಲೀಕರು ಅದನ್ನು ನೋಡಿ, “ಹೈದರಾಬಾದಿನ ಎಲ್ಲಾ ಜಡ್ಡೂ ನಿನ್ನ ಹೆಸರಿಗೇ ಅದಾವ ನೋಡವಾ” ಎಂದು ಚೇಷ್ಟೆ ಮಾಡುತ್ತಿದ್ದರು. ಅಂಗಡಿಯ ಜೊತೆಗೆ ಕಂಪ್ಯೂಟರಿನ ಪಟ್ಟಿಯೂ ಕಂಪನಿಗೆ ಹೋಗುತ್ತದೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಅವಳ ಹೆಸರಿನ ಮುಂದಿದ್ದ ತಾರೀಕು ನೋಡುತ್ತ ಕೂತೆ. ಅಂಗಡಿ ಮಾರುವ ಮೂರು ತಿಂಗಳ ಹಿಂದಿನದು. ಆಗ ನೆನಪು ಬಂತು. ಮಗಳನ್ನು ಹೊರಗಿನ ಮೆಟ್ಟಿಲ ಮೇಲೆ ನಿಲ್ಲಿಸಿ ತಾಯಿ ಒಬ್ಬರೇ ಒಳಗೆ ಬಂದಿದ್ದರು. ರಾಯಚೂರು ಕಡೆಯ ಮಾತು. ನಾನು ಕನ್ನಡದವಳೆಂದು ಗೊತ್ತಾದ ಕೂಡಲೇ ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದ್ದರು.

“ಅಕ್ಕಾರ, ಫೋನ್ ನಂಬರ್ ಬ್ಯಾಡ್ರಿ. ಮಗಳ ಲಗ್ನಾ ಗೊತ್ತಾಗೈತಿ. ಎರಡು ವರ್ಷದಿಂದ ಒಮ್ಮೆನೂ ಬಂದಿಲ್ರಿ ಆಕಿಗೆ. ಗುಳಿಗಿ ನಡದಾವ, ಅಷ್ಟ. ಬೀಗರಿಗೆ ಗೊತ್ತಾದ್ರ ಮುಗೀತು.”

“ನನ್ನ ನಂಬರ್ ಹಾಕ್ತೀನಿ ತಗೋರಿ ಕಾಕೂ, ಯಾರಿಗೂ ಗೊತ್ತಾಗಂಗಿಲ್ಲ” ಎಂದಿದ್ದೆ.

ನನಗೆ ಅದು ದಿನಕ್ಕೆ ನಾಲ್ಕು ಸಲ ಆಡುವ ಮಾತು. ಆ ತಾಯಿಗೆ ಅದು ನಾನು ಕೊಟ್ಟ ಭಾಷೆ. ಅದನ್ನೇ ನಂಬಿ ಮಗಳು ಮದುವೆಯಾದ ಮೇಲೂ ಅದೇ ಅಂಗಡಿಗೆ ಬರುತ್ತಿದ್ದಳು. ಅಲ್ಲಿ ಹೆಸರು ಹೇಳಿದರೆ ಸಾಕು, ನಂಬರು ಮೊದಲೇ ಇದ್ದುದರಿಂದ ಯಾರೂ ಕೇಳುತ್ತಿರಲಿಲ್ಲ. ಕಂಪನಿಯವರು ಒಬ್ಬ ಅಪರಿಚಿತಳ ಗುಟ್ಟನ್ನು ತಪ್ಪಿ ನನಗೆ ಕಳಿಸುತ್ತಿದ್ದಾರೆ ಎಂದು ನಾನು ನಾಲ್ಕು ತಿಂಗಳು ಕೂಗಾಡಿದ್ದೆ. ಆ ಗುಟ್ಟು ನನ್ನ ಹತ್ತಿರ ಇರಲೆಂದೇ ಅಲ್ಲಿ ಇಟ್ಟಿದ್ದು. ಇಟ್ಟವಳೇ ಮರೆತು, ಅದರ ಸರಿಯಾದ ವಾರಸುದಾರರನ್ನು ಹುಡುಕಿ ಕೊಡಿ ಎಂದು ಕಾಯ್ದೆ ತೋರಿಸಿ ಹೆದರಿಸಿದ್ದೆ.

ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಹೇಗಿತ್ತೋ ಹಾಗೇ ಬಿಡಿ ಎಂದು ಮ್ಯಾನೇಜರ ಮುಂದೆ ಗೋಗರೆದೆ. ಈ ಹೆಸರಿಗೆ ಬೀಗ ಬಿದ್ದಿದೆ ಮೇಡಂ, ದೂರು ಮುಗಿಯುವವರೆಗೆ ಶಾಖೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ, ಮುಖ್ಯ ಕಚೇರಿಯನ್ನೇ ಕೇಳಿ ಎಂದರು.

ಮುಖ್ಯ ಕಚೇರಿ ಮಾದಾಪುರದಲ್ಲೇ ಇತ್ತು, ನನ್ನ ಕ್ಲಿನಿಕ್ಕಿನಿಂದ ನಡೆದು ಹೋಗುವಷ್ಟು ದೂರ. ಮಂಗಳವಾರ ಊಟದ ಬಿಡುವಿನಲ್ಲಿ ಹೋದೆ. ಒಂದು ಗಂಟೆ ಕೆಳಗೆ ಕಾಯಿಸಿ ಒಬ್ಬ ತರುಣ ಅಧಿಕಾರಿಯನ್ನು ಕಳಿಸಿದರು. ಅವರ ನಡವಳಿಕೆಯಲ್ಲಿ ಏನೂ ತಪ್ಪು ಹುಡುಕುವಂತಿರಲಿಲ್ಲ. ನೀರು ತರಿಸಿದರು, ಮತ್ತೊಮ್ಮೆ ಕ್ಷಮೆ ಕೇಳಿದರು, ಕೆಲಸ ಎಲ್ಲಿಗೆ ಬಂದಿದೆ ಎಂದು ಸಂತೋಷದಿಂದ ವಿವರಿಸಿದರು. ಇದೇ ಹೆಸರು, ಇದೇ ವಯಸ್ಸಿನ ಗ್ರಾಹಕಿ ಇನ್ನೊಂದು ಖಾತೆಯಲ್ಲೂ ಸಿಕ್ಕಿದ್ದಾಳೆ. ಅದು ಒಂದು ಮನೆಯ ಖಾತೆ, ಆ ಮನೆಗೆ ಅತ್ತೆಯ ಬಿಪಿ ಮಾತ್ರೆ ತಿಂಗಳು ತಿಂಗಳೂ ಹೋಗುತ್ತದೆ, ಅದರಲ್ಲಿ ಗಂಡನ ನಂಬರಿದೆ. ಎರಡನ್ನೂ ಕೂಡಿಸಿಬಿಟ್ಟರೆ ಇವಳ ಮೆಸೇಜುಗಳೆಲ್ಲ ಸರಿಯಾದ ಮನೆಗೆ ಹೋಗುತ್ತವೆ. ಸೋಮವಾರ ಕೊನೆಯ ದಿನ, ಅಷ್ಟರೊಳಗೆ ಮುಗಿಸುತ್ತೇವೆ.

ಬೇಡ, ಕೂಡಿಸಬೇಡಿ ಎಂದೆ. ಯಾಕೆ ಎಂದರು.

ಯಾಕೆಂದು ಹೇಳಿದರೆ ಯಾವುದನ್ನು ಮುಚ್ಚಿಡಲು ಬಂದಿದ್ದೆನೋ ಅದನ್ನೇ ಬಿಚ್ಚಿಟ್ಟ ಹಾಗೆ. ಹೇಳದಿದ್ದರೆ ಅವರಿಗೆ ಕಾರಣವಿಲ್ಲ. ಆ ಹೆಣ್ಣುಮಗಳಿಗೆ ತೊಂದರೆಯಾಗುತ್ತದೆ ಎಂದಷ್ಟೇ ಹೇಳಿದೆ. ಹಾಗಾದರೆ ಅವರೇ ಬರೆದು ಕೊಡಲಿ ಮೇಡಂ, ಗ್ರಾಹಕರು ಅವರು, ನೀವಲ್ಲ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ನಾಲ್ಕು ತಿಂಗಳಿಂದ ನಾನು ಅವಳಲ್ಲ ಎಂದು ಹೇಳಿದ್ದು ಅವರಿಗೆ ಕೊನೆಗೂ ತಿಳಿದಿತ್ತು.

ಅವಳನ್ನು ಹುಡುಕಲು ನನಗಿದ್ದ ದಾರಿ ಒಂದೇ. ಶನಿವಾರದ ಮೆಸೇಜಿನ ಪ್ರಕಾರ ಮಾತ್ರೆ ಐದು ದಿನಕ್ಕೆ ಮುಗಿಯಬೇಕು, ಅವಳು ಬರುವುದು ಗುರುವಾರ, ಹನ್ನೊಂದಕ್ಕೆ. ಯಾರ ಖಾಸಗಿ ವಿಷಯ ನನಗೆ ಬೇಡ ಎಂದಿದ್ದೆನೋ ಅದನ್ನೇ ಹಿಡಿದುಕೊಂಡು ಅವಳಿಗಾಗಿ ಹೊಂಚು ಹಾಕಿ ಕಾಯಲು ರಜೆ ಹಾಕಿದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಪೊಲೀಸರಿಗೆ ಹೇಳುತ್ತಿದ್ದೆ.

ಗುರುವಾರ ಹತ್ತೂವರೆಯಿಂದ ಅಂಗಡಿಯ ಎದುರು ಹಳೆಯ ಪುಸ್ತಕ ಮಾರುವವರ ಹತ್ತಿರ ನಿಂತಿದ್ದೆ. ಹನ್ನೊಂದು ಕಳೆದು ಸ್ವಲ್ಪ ಹೊತ್ತಿಗೆ ಆಟೋದಿಂದ ಇಳಿದಳು. ಅಂದು ತಾಯಿ ಮೆಟ್ಟಿಲ ಮೇಲೆ ನಿಲ್ಲಿಸಿ ಬಂದಿದ್ದ ಆ ಹುಡುಗಿಯೇ. ಕನ್ನಡದಲ್ಲಿ ಅವಳ ಹೆಸರು ಕರೆದೆ. ತಿರುಗಿದಳು.

“ಯಾರ್ರಿ ನೀವು?”

“ಹೆದರಬ್ಯಾಡವಾ. ನಾ ಮದ್ಲ ಈ ಅಂಗಡ್ಯಾಗ ಇದ್ದಾಕಿ. ನಿಮ್ಮವ್ವಾರು ಗುಳಿಗಿ ಒಯ್ಯಾಕ ಬಂದಾಗ ನಾನ ಕೊಟ್ಟಿದ್ದೆ.”

“ನಾ ಇವತ್ತ ಬರ್ತೀನಂತ ನಿಮಗ ಹೆಂಗ ಗೊತ್ತಾತು?”

ಅಲ್ಲೇ ಫೋನು ತೆಗೆದು ತೋರಿಸಿದೆ. ಒಂದೊಂದೇ ಮೆಸೇಜು ಓದುತ್ತ ಹೋದಳು. ಫೋಲಿಕ್ ಆಸಿಡ್ ಇದ್ದ ಮೆಸೇಜಿಗೆ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಎಲ್ಲವನ್ನೂ ಹೇಳಿದೆ, ನನ್ನ ಇಮೇಲು, ಅವರ ಉತ್ತರ, ಗಂಡನ ನಂಬರು, ಸೋಮವಾರ.

“ಯಾಕ ದೂರು ಕೊಟ್ರಿ ಅಕ್ಕಾರ?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಸುಮ್ಮನ ಇದ್ದಿದ್ರ ಆಗ್ತಿತ್ತಲ್ರಿ.”

“ನೆನಪ ಇರಲಿಲ್ಲವಾ ನನಗ.”

ಒಳಗೆ ಹೋದೆವು. ಮ್ಯಾನೇಜರು ಸಹಾಯವಾಣಿಗೆ ತಾವೇ ಫೋನು ಹಚ್ಚಿ ಅವಳ ಕೈಗೆ ಕೊಟ್ಟರು. ಅವಳು ತನ್ನ ಹೆಸರು ಹೇಳಿದಳು. ನೋಂದಾಯಿತ ನಂಬರಿಗೆ ಒಟಿಪಿ ಕಳಿಸುತ್ತೇವೆ ಎಂದರು. ಅದು ಬಂದದ್ದು ನನ್ನ ಫೋನಿಗೆ. ನಾನು ಓದಿದೆ, ಅವಳು ಹೇಳಿದಳು. ಈ ನಂಬರು ನಿಮ್ಮದಲ್ಲವೆಂದು ದೂರಿದೆ, ಆದ್ದರಿಂದ ಈ ಒಟಿಪಿ ನಡೆಯುವುದಿಲ್ಲ ಎಂದರು. ನಿಮ್ಮದೇ ನಂಬರು ಕೊಡಿ, ಇಪ್ಪತ್ತನಾಲ್ಕು ಗಂಟೆಯೊಳಗೆ ನಮ್ಮವರು ಫೋನು ಮಾಡಿ ಖಚಿತ ಮಾಡಿಕೊಳ್ಳುತ್ತಾರೆ ಎಂದರು. ಅವಳು ಫೋನನ್ನು ಕೌಂಟರಿನ ಮೇಲಿಟ್ಟುಬಿಟ್ಟಳು.

“ಮನ್ಯಾಗ ನನ್ನ ಫೋನ್ ಯಾರ ಕೈಯಾಗ ಇರತೈತೋ ಹೇಳಾಕಾಗಂಗಿಲ್ರಿ. ಗುರುವಾರ ಅತ್ತಿಯವರು ಮಠಕ್ಕ ಹೋಗ್ತಾರಂತ ಇಷ್ಟರ ಹೊರಗ ಬರ್ತೀನಿ.”

“ನಿಮ್ಮವ್ವಾರ ನಂಬರ್ ಕೊಡು.”

“ಅವ್ವನ ನಂಬರಿಗೆ ಫೋನ್ ಬಂದ್ರ ಆಕಿ ನನ್ನ ದನಿ ಹೆಂಗ ಕೊಡಬೇಕ್ರಿ? ಹುಟ್ಟಿದ ತಾರೀಖು, ಗುರುತಿನ ಚೀಟಿ ಎಲ್ಲಾ ಕೇಳ್ತಾರಂತಲ್ಲ.”

ತಾಯಿಯ ನಂಬರನ್ನೂ ಕೊಟ್ಟು ನೋಡಿದೆವು. ದೂರು ಮುಗಿಯುವವರೆಗೆ ಹೊಸ ನಂಬರು ಸೇರಿಸಲಾಗದು ಎಂದು ಪರದೆ ಕೆಂಪಾಯಿತು. ಮ್ಯಾನೇಜರು ಮೂರು ಸಲ ಒತ್ತಿ ನೋಡಿ ನನ್ನತ್ತ ಕೈ ಬಿಚ್ಚಿ ತೋರಿಸಿದರು. ಬರೆದು ಕೊಡಿ ಎಂದು ಬಿಳಿ ಹಾಳೆ ಕೊಟ್ಟರು. ಅವಳು ಬರೆದು ಸಹಿ ಮಾಡಿದಳು, ಅವರು ಅದರ ಚಿತ್ರ ತೆಗೆದು ಮುಖ್ಯ ಕಚೇರಿಗೆ ಕಳಿಸಿದರು. ಅದು ಹೊಸ ದೂರಾಯಿತು. ಅದಕ್ಕೆ ಹೊಸ ಏಳು ದಿನ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಮಾತ್ರೆಯ ಚೀಲವನ್ನು ಅವಳು ಕೈಚೀಲದ ತಳಕ್ಕೆ ತುರುಕಿದಳು.

“ಅವರಿಗೆ ನಾನ ಹೇಳಾಕಿ ಇದ್ದೆ ಅಕ್ಕಾರ. ಡಾಕ್ಟರೂ ಹೇಳ್ಯಾರ, ಕೂಸು ಬೇಕಂದ್ರ ಗಂಡಗ ತಿಳಸಬೇಕು, ಗುಟ್ಟು ಮಾಡಬಾರದು ಅಂತ. ದಿನಾ ಇವತ್ತ ಹೇಳ್ತೀನಿ, ಇವತ್ತ ಹೇಳ್ತೀನಿ ಅಂತ ಮಾಡಾಕತ್ತೀನಿ. ಅವರು ಕೆಟ್ಟವರಲ್ರಿ. ನನ್ನ ಬಾಯಿಂದ ಕೇಳಿದ್ರ ಅವರು ತಿಳ್ಕೋತಾರ.”

“ಹಂಗಾದ್ರ ಇವತ್ತ ಹೇಳಿಬಿಡವಾ. ಸೋಮವಾರತನಕ ಕಾಯಬ್ಯಾಡ.”

“ಊರಾಗಿಲ್ರಿ, ಕಂಪನಿ ಕೆಲಸಕ್ಕ ಪುಣೆಕ್ಕ ಹೋಗ್ಯಾರ. ಐತವಾರ ಬರ್ತಾರ. ಫೋನಿನ್ಯಾಗ ಹೇಳೂ ಮಾತಲ್ಲ ಇದು.” ಆಮೇಲೆ ತಾನೇ ಧೈರ್ಯ ತಂದುಕೊಂಡಳು. “ಐತವಾರ ಹೇಳ್ತೀನಿ. ಒಂದು ದಿನ ಸಿಗತೈತಲ್ಲ.”

ನಾನು ಕೆಲಸ ಮಾಡುವ ಕ್ಲಿನಿಕ್ಕಿನ ಗುರುತು ಹೇಳಿದೆ. ನನ್ನ ನಂಬರನ್ನು ಅವಳು ಬರೆದುಕೊಳ್ಳಲಿಲ್ಲ. ಅವಳ ನಂಬರನ್ನು ನಾನು ಕೇಳಲಿಲ್ಲ, ಕೇಳುವ ಮುಖವಿರಲಿಲ್ಲ.

ಶುಕ್ರವಾರ ಆ ತರುಣ ಅಧಿಕಾರಿಗೆ ಎರಡು ಇಮೇಲು ಬರೆದೆ, ಸೋಮವಾರದವರೆಗಾದರೂ ತಡೆಯಿರಿ ಎಂದು. ಉತ್ತರ ಬರಲಿಲ್ಲ. ಶನಿವಾರ ಮಧ್ಯಾಹ್ನ ಕೌಂಟರಿನ ಮುಂದೆ ಸಾಲು ಇದ್ದಾಗ ಫೋನು ಗುಂಯ್ ಎಂದಿತು. ‘ನಿಮ್ಮ ಕೋರಿಕೆಯಂತೆ ನಿಮ್ಮ ನಂಬರನ್ನು ತೆಗೆದುಹಾಕಲಾಗಿದೆ. ಗ್ರಾಹಕರ ದಾಖಲೆಯನ್ನು ಸರಿಪಡಿಸಿ ಅವರಿಗೆ ವಿವರ ಕಳಿಸಲಾಗಿದೆ. ನಮ್ಮ ಸೇವೆಗೆ ಅಂಕ ಕೊಡಿ.’ ಕೊಟ್ಟ ಅವಧಿಗೆ ಎರಡು ದಿನ ಮೊದಲೇ ಮುಗಿಸಿದ್ದರು. ನಾಲ್ಕು ತಿಂಗಳಲ್ಲಿ ಅವರು ಬೇಗ ಮಾಡಿದ ಕೆಲಸ ಅದೊಂದೇ.

ಯಾರಿಗೆ ಹೇಳಲಿ? ಅವಳ ಮನೆ ಗೊತ್ತಿಲ್ಲ, ನಂಬರು ಗೊತ್ತಿಲ್ಲ. ಎರಡು ದಿನದ ಹಿಂದೆ ಅವಳು ಎಷ್ಟು ಗಂಟೆಗೆ ಎಲ್ಲಿರುತ್ತಾಳೆಂದು ಹೇಳಬಲ್ಲವಳಾಗಿದ್ದೆ. ಆ ಲಿಂಕನ್ನು ಒತ್ತಿದೆ. ಈ ಪುಟ ನೋಡಲು ನಿಮಗೆ ಅನುಮತಿಯಿಲ್ಲ ಎಂದಿತು. ಕೌಂಟರಿನಾಚೆ ಒಬ್ಬರು ಕೆಮ್ಮಿನ ಔಷಧಕ್ಕೆ ಎಷ್ಟು ಹೊತ್ತು ಕಾಯಬೇಕು ಎಂದು ಕೇಳುತ್ತಿದ್ದರು. ಕೊಟ್ಟೆ. ಸಂಜೆ ಮನೆಯಲ್ಲಿ ನಮ್ಮವರ ಮುಂದೆ ಅತ್ತೆ. ಅವರು ಈ ಸಲ ಚೇಷ್ಟೆ ಮಾಡಲಿಲ್ಲ. “ಆ ಮೇಲ್ ಬರಿ ಅಂದಾವ ನಾನ” ಎಂದಷ್ಟೇ ಹೇಳಿದರು.

ಮುಂದಿನ ತಿಂಗಳು ಮೆಸೇಜು ಬರಬೇಕಾಗಿದ್ದ ದಿನ ಫೋನನ್ನು ಕೌಂಟರಿನ ಮೇಲೆ ಮುಖ ಮೇಲೆ ಮಾಡಿ ಇಟ್ಟುಕೊಂಡಿದ್ದೆ. ಏನೂ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ನಾನು ಕೇಳಿದ್ದೂ ಅದನ್ನೇ. ಅವಳು ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದಾಳೋ ಇಲ್ಲವೋ ಎನ್ನುವುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಮೂರನೇ ತಿಂಗಳು, ಒಂದು ಬೆ‍ಳಿಗ್ಗೆ, ಆ ತಾಯಿ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದರು. ಗಾರ್ಡನ್ನು ಕೇಳಿಕೊಂಡು ನನ್ನ ಕೌಂಟರಿಗೆ ಬಂದರು. ಎರಡು ವರ್ಷದಲ್ಲಿ ಬಹಳ ಬಡವಾಗಿದ್ದರು. ನಾನು ಏನನ್ನೂ ಕೇಳುವ ಮೊದಲೇ ಹೇಳಿದರು.

“ಆಕಿ ನಮ್ಮ ಮನ್ಯಾಗ ಅದಾಳ್ರಿ ಅಕ್ಕಾರ. ಐತವಾರ ಹೇಳಾಕಿ ಇದ್ಲು. ಶನಿವಾರನ ಅಳ್ಯಾರ ಫೋನಿಗೆ ಎಲ್ಲಾ ಬಂದುಬಿಡ್ತು. ಎಂದಿಂದ, ಎಷ್ಟು ಗುಳಿಗಿ, ಎಲ್ಲಾ. ಜಡ್ಡು ಇದ್ದದ್ದಕ್ಕ ಅಲ್ಲಂತ ಅವರು ಬಿಟ್ಟದ್ದು. ಎರಡು ವರ್ಷ ಮುಚ್ಚಿಟ್ಟಿ, ನನ್ನ ಮಾರಿ ನೋಡಿ ಒಂದು ಮಾತು ಹೇಳಲಿಲ್ಲ ಅಂದ್ರಂತ. ಆಕಿ ಹೇಳಾಕಿನ ಇದ್ದೆ ಅಂದ್ರ ಯಾರು ನಂಬ್ತಾರ್ರಿ ಈಗ?”

ನಾನು ಕೈ ಮುಗಿದೆ. ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಮಡಿಸಿದ ಚೀಟಿಯನ್ನು ಕೌಂಟರಿನ ಮೇಲಿಟ್ಟರು.

“ಆ ಅಂಗಡಿಗೆ ಹೋಗಾಕ ಆಕಿ ಒಲ್ಲಂತಾಳ. ನಿಮ್ಮ ಹತ್ರನ ತಗೊಂಡ ಬಾ ಅಂದ್ಲು.”

ಚೀಟಿ ಬಿಚ್ಚಿದೆ. ಲೆವೆಟಿರಾಸೆಟಮ್ 500, ಬೆಳಿಗ್ಗೆ ಒಂದು, ಸಂಜೆ ಒಂದು, ಮೂವತ್ತು ದಿನ. ಅದರ ಕೆಳಗೆ ಡಾಕ್ಟರ ಸಹಿ. ಫೋಲಿಕ್ ಆಸಿಡ್ ಇರಲಿಲ್ಲ.

ಸ್ಟ್ರಿಪ್ಪುಗಳನ್ನು ಎಣಿಸಿ ಕವರಿಗೆ ಹಾಕಿದೆ. ಕಂಪ್ಯೂಟರಿನಲ್ಲಿ ಹೆಸರು ಬರೆದೆ, ಡಾಕ್ಟರ ಹೆಸರು ಬರೆದೆ. ನಂಬರಿನ ಜಾಗ ಬಂದಾಗ ಹನ್ನೊಂದು ವರ್ಷದ ರೂಢಿಯಿಂದ ನನ್ನ ಬೆರಳು ನನ್ನದೇ ಮೊದಲಂಕಿಯ ಮೇಲೆ ಹೋಗಿ ನಿಂತಿತು. ಆ ತಾಯಿ ಅದನ್ನು ನೋಡಿದರು. ಕೌಂಟರಿನ ಮೇಲಿನಿಂದ ಕೈ ಚಾಚಿ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದರು.

“ಬ್ಯಾಡ್ರಿ ಅಕ್ಕಾರ. ನಮ್ಮದ ಹಾಕ್ರಿ. ಇನ್ನ ಮುಚ್ಚಿಡಾಕ ಏನೈತಿ?”

ಆಮೇಲೆ ಮನೆಯ ನಂಬರನ್ನು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, ಒಂದೊಂದೇ ಅಂಕಿಯಾಗಿ ಹೇಳಿದರು. ನಾನು ಒತ್ತಿದೆ.